ಒದ್ದೆ ಜಾಗದ ಪಟ್ಟಿ

ಮಂಡ್ಯದ ಬೆಲ್ಲದ ಮಂಡಿಯಲ್ಲಿ
ಹತ್ತೊಂಬತ್ತು ವರ್ಷ ಹರಾಜು ಕೂಗಿದ ಗಂಟಲು ಇದು.
ಅಚ್ಚುಬೆಲ್ಲ, ಬಕೆಟ್ ಬೆಲ್ಲ, ರೂಪಾಯಿ ಮೇಲೆ ರೂಪಾಯಿ ಏರಿಸಿ
ಒಂದು ದಿನ ಮೂರು ಸಾವಿರದ ಎಂಟುನೂರರ ಹತ್ತಿರ
ಒಡೆದು ನಿಂತಿತು.

ಮೈಸೂರಿನ ಆಸ್ಪತ್ರೆಯಲ್ಲಿ ಗಂಟು ತೆಗೆದರು.
"ಕೈಗಾದರೆ ಬಟ್ಟೆ ಸುತ್ತಬಹುದು," ಅಂದರು ಡಾಕ್ಟರ್ ನುಸ್ರತ್,
"ಇದು ಒದ್ದೆ ಜಾಗ. ದಿನವಿಡೀ ಎಂಜಲು ನುಂಗುತ್ತೀರಿ.
ಯಾವ ಪಟ್ಟಿ ನಿಲ್ಲುತ್ತೆ ಹೇಳಿ?"
ಅದಕ್ಕೂ ಮೊದಲೇ ಗಾಜಿನ ತಟ್ಟೆಯಲ್ಲಿ ತೋರಿಸಿದ್ದರು
ಈರುಳ್ಳಿಯ ಒಳಪೊರೆಯಂಥ ಒಂದು ಚೂರು:
ರೇಷ್ಮೆ. ಕುದಿಸಿ, ಅಂಟು ಕಳೆದು, ಕರಗಿಸಿ, ಮತ್ತೆ ಹಾಳೆ ಮಾಡಿದ್ದು.
ಹೊಸದು, ಇನ್ನೂ ಪರೀಕ್ಷೆಯಲ್ಲಿದೆ, ರುಜು ಬೇಕು.
ಒಂದು ಸಲ, ಎರಡು ಸಲ.
ಮೂರನೇ ಸಲ ಕೂಗುವ ಮುಂಚೆ ಹಾಕಿದೆ.

ಇಪ್ಪತ್ತೊಂದು ದಿನ ಮಾತಿಲ್ಲ.
ಮಗಳ ಸ್ಲೇಟು, ಅರ್ಧ ಬಳಪ, ತಣ್ಣಗಿನ ಗಂಜಿ.

ನಮ್ಮವ್ವ ಕೆಂಪಾಜಮ್ಮ ಮಳವಳ್ಳಿಯಲ್ಲಿ
ಬಾಂಡಲಿಯ ಬಿಸಿನೀರಿಗೆ ಬೆರಳಿಟ್ಟು ನೂಲು ತೆಗೆದವಳು.
ಅವಳ ಬೆರಳ ತುದಿಗೆ ಗೆರೆಗಳಿಲ್ಲ;
ಆಧಾರ್ ಯಂತ್ರ ಎರಡು ಸಲ ಅವಳನ್ನು ಇಲ್ಲವೆಂದಿತ್ತು.
"ಬಾಯಿ ತಗಿ" ಅಂದು ಟಾರ್ಚ್ ಬಿಟ್ಟು ನೋಡಿದಳು.
"ಹುಳಾನೂ ಬಾಯಿಂದ್ಲೇ ಅಲ್ವಾ ನೂಲು ಕಕ್ಕೋದು,
ತಲೆ ಆಡಿಸಿ ಆಡಿಸಿ, ಎಂಟು ಬರ್ದಂಗೆ,
ಮೂರು ದಿನ, ಸದ್ದೇ ಇಲ್ದಂಗೆ.
ನಿಂಗೆ ಇಪ್ಪತ್ತೊಂದು ಆಗಲ್ವಾ?"

ರಾತ್ರಿ ದೀಪ ಆರಿಸುವಾಗ:
"ಈ ಹಾಳೆಗೂ ಹುಳ ಸತ್ತಿತಾ?"

ಬಳಪ ಹಿಡಿದೆ. ಬರೆಯಲಿಲ್ಲ.

ತಪಾಸಣೆಗೆ ಅವಳ ಪ್ರಶ್ನೆಯನ್ನೇ ಸ್ಲೇಟಿನಲ್ಲಿ ಒಯ್ದೆ.
ಅಳಿಸೀತೆಂದು ಹೊರಮುಖವಾಗಿ ಹಿಡಿದದ್ದಕ್ಕೆ
ಪಕ್ಕದ ಸೀಟಿನವನು ಶ್ರೀರಂಗಪಟ್ಟಣದವರೆಗೂ ಓದುತ್ತಲೇ ಇದ್ದ.
ನುಸ್ರತ್ ಓದಿದರು, ಕನ್ನಡಕ ಒರೆಸಿದರು.
"ಗೂಡು ಕತ್ತರಿಸಿ ಹುಳು ಹೊರಗಿಡುತ್ತೇವೆ.
ಕುದಿಸೋದು ಬರೀ ಗೂಡನ್ನ. ಹೊರಗಿಟ್ಟದ್ದು ಆಮೇಲೆ..."
ಮುಂದೆ ಹೇಳದೆ, ಕನ್ನಡಿ ಹಿಡಿದು
ನನ್ನ ಗಂಟಲೊಳಕ್ಕೆ ಬಗ್ಗಿದರು.
ಗಾಯವಿದ್ದಲ್ಲಿ ಎಳೆಗುಲಾಬಿ. ಹಾಳೆ ಇಲ್ಲ.
ಎಲ್ಲಿ ಹೋಯ್ತು ಅಂತ ಬರೆದೆ.
"ನಿಮ್ಮೊಳಗೇ."

ಇಪ್ಪತ್ತೆರಡನೆಯ ಬೆಳಗ್ಗೆ ಮಾತು ಬಂತು,
ತೊಯ್ದ ನೂಲಿನಷ್ಟು ಸಣ್ಣದು.
ಮೊದಲು ದೇವರ ಹೆಸರೋ ಮಗಳ ಹೆಸರೋ ಎಂದು ಎಣಿಸಿಟ್ಟಿದ್ದೆ.
ಬಂದದ್ದು: "ಗೂಡು ಕತ್ತರಿಸ್ತಾರಂತೆ ಕಣವ್ವ."
ಸೊಪ್ಪು ಬಿಡಿಸುವ ಕೈ ನಿಲ್ಲಿಸದೆ
"ಜೋರಾಗಿ ಹೇಳ್ಲಾ," ಅಂದಳು.

ಜೋರಾಗಿ ಹೇಳುವಂತಿರಲಿಲ್ಲ.
ಹತ್ತಿರ ಹೋಗಿ ಕೂತೆ.