ಹತ್ತನೆಯ ಬೈಟ್

ಬೈತಖೋಲದ ಮೀನುಗಾರರ ಸೊಸೈಟಿಯ ಕಪಾಟಿನಿಂದ
ಒಂದು ಟೇಪು ಬಂತು ನನ್ನ ಮೇಜಿಗೆ.
ಉಪ್ಪುಗಾಳಿ ತಿಂದ ಡಬ್ಬಿ. ಮೇಲೆ ನೀಲಿ ಶಾಯಿಯಲ್ಲಿ
‘ಬ್ಯಾಕಪ್. ಮುಟ್ಟಬಾರದು.’
ಯಾರೂ ಮುಟ್ಟಿರಲಿಲ್ಲ, ಇಪ್ಪತ್ನಾಲ್ಕು ಮಳೆಗಾಲ.

ಇಂಥ ಫೈಲಿನ ನೆತ್ತಿಯಲ್ಲಿ ಹತ್ತನೆಯ ಬೈಟೊಂದಿರುತ್ತದೆ.
ಯಾವ ಯಂತ್ರದ ಕೂಸು ನೀನು ಎಂದರೆ
ಒಂದೇ ಅಂಕಿಯ ಉತ್ತರ.
ಸೊನ್ನೆ, ಡಾಸ್. ಮೂರು, ಯುನಿಕ್ಸ್. ಐದು, ಅಟಾರಿ.
ಒಂಬತ್ತು ಸಿಪಿಎಂ; ಪಕ್ಷವಲ್ಲ,
ಒಂದು ಕಾಲಕ್ಕೆ ಗಣಕಗಳನ್ನು ಆಳಿದ್ದು.
ಈಗ ಓಡಿಸುವವರಿಲ್ಲ. ಆದರೂ ಪಟ್ಟಿಯಲ್ಲಿ
ಅದರ ಮಣೆ ಅದಕ್ಕೇ.

ಮಾಣಕು ಹರಿಕಂತ್ರ ದಿನವೂ ಬರುತ್ತಾಳೆ, ಬುಟ್ಟಿ ಬಾಗಿಲಲ್ಲಿಳಿಸಿ:
‘ಸಿಕ್ತಾ ನಮ್ಮನೆ?’
ನೌಕಾಪಡೆಯ ಗೋಡೆ ಏಳುವ ಮೊದಲು
ಸೊಸೈಟಿಯವರು ಎಣಿಸಿಟ್ಟ ಮನೆಗಳು ಈ ಟೇಪಿನಲ್ಲಿವೆಯಂತೆ.
ಅವಳಿಗೆ ಹತ್ತು ಬೈಟು ಬೇಡ. ಗಿರಾಕಿ
ಬಂಗಡೆಯ ಕಿವಿರೆತ್ತಿ ‘ಎಷ್ಟು’ ಅನ್ನುವಷ್ಟರಲ್ಲಿ
ಇವ ಸದಾಶಿವಗಡದವ, ಇವಳು ಬೇಲೆಕೇರಿಯ ಸೊಸೆ,
ಈತ ಘಟ್ಟದ ಮೇಲಿನವ, ಮುಳ್ಳು ತೆಗೆಯಲು ಬಾರದು.
ನೀವು ಯಾವೂರು ಎಂದು ಅವಳನ್ನು ಕೇಳಿದರೆ ಮಾತ್ರ
ಗೋಡೆಯ ಕಡೆ ಗದ್ದ ಎತ್ತುತ್ತಾಳೆ.

ಇವತ್ತು ಫೈಲು ತೆರೆಯಿತು.
ಹತ್ತನೆಯ ಬೈಟ್: ಇನ್ನೂರ ಐವತ್ತೈದು.
ಅಂದರೆ, ಗೊತ್ತಿಲ್ಲ.
ಹೊತ್ತು ಹೇಳಬೇಕಾದ ನಾಲ್ಕು ಬೈಟುಗಳೂ ಸೊನ್ನೆ.
ಮರೆತನೋ, ಬೇಡವೆಂದರೋ, ಬರೆದವನೇ ಬಲ್ಲ.

ಹೋದರೆ ಹೋಗುವುದು ಹೆಚ್ಚೇನಿಲ್ಲ.
ಸಾಲು ಎಲ್ಲಿ ಮುಗಿಯುತ್ತದೆಂದು ತಿಳಿಯಲೆಂದೇ ಆ ಅಂಕಿ;
ಯಂತ್ರಕ್ಕೊಂದು ರೀತಿ, ಸಾಲು ಮುರಿಯುವುದರಲ್ಲಿ.
ಅದಿಲ್ಲದೆ ಇಡೀ ಕೇರಿ ತೆರೆಯ ಮೇಲೆ
ಒಂದೇ ಉಸಿರಿಗೆ ಬಂತು:

ಬುಧೋ ತಾಂಡೇಲ ನಾಡಹಂಚು ತೆಂಗು ಎರಡು ಪಾಂಡು ಖಾರ್ವಿ ಮಡಲಿನ ಮಾಡು ಬಾವಿ ಪಾಲು ನಾಲ್ಕನೇ ಒಂದು ದೋಣಿ ಇಲ್ಲ ಶೇವಂತಿ ವಿಧವೆ

‘ಅಂಗಳವೇ ಇಲ್ಲವಲ್ಲ, ಒಂದಕ್ಕೊಂದು ಅಂಟಿಕೊಂಡಿವೆ’ ಎಂದೆ.
‘ಹಾಂಗೇ ಇದ್ವು. ಒಬ್ಬರ ಒಗ್ಗರಣೆಗೆ ಇನ್ನೊಬ್ಬರಿಗೆ ಸೀನು.’

ಸಾಲಿನ ಗುರುತು ನಾನೇ ಹುಡುಕಬಹುದಿತ್ತು, ಅರ್ಧ ತಾಸಿನ ಕೆಲಸ.
ಅವಳಾಗಲೇ ಶುರು ಮಾಡಿದ್ದಳು, ಕಣ್ಣು ಮುಚ್ಚಿ:
ದೋಣಿ ಇಲ್ಲ, ಇಲ್ಲಿಗೆ ಪಾಂಡುವಿನದು ಮುಗೀತು. ಮುರಿ.
ಎಂಟರ್ ಒತ್ತಿದೆ.
ಶೇವಂತಿಯದಕ್ಕೆ ಹಿತ್ತಲೂ ಸೇರ್ತದೆ. ತಡಿ. ಈಗ ಮುರಿ.

ಹದಿನೇಳನೆಯ ಮನೆಗೆ ನಿಂತಳು. ಮುರಿ ಅನ್ನಲಿಲ್ಲ.
ಬಾಗಿಲಲ್ಲಿ ಬುಟ್ಟಿಯ ಮಂಜು ಕರಗಿ
ನೀರು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು.