ನಾಲ್ಕು ಬೆರಳು ಗಾಳಿ

ಜೋಗಿಮಟ್ಟಿಯ ಕಡೆ ಗಾಳಿಯಂತ್ರ ನಿಲ್ಲಿಸಿದ ವರ್ಷ
ನಾನು ಬಾಣಂತಿ.
ಮಾರ್ಗಶಿರ. ದುರ್ಗದ ಬಂಡೆಗಳು
ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಗೇ ಕಕ್ಕಿ
ರಾತ್ರಿ ಹತ್ತಕ್ಕೆ ಸಲಾಕೆಯಂತೆ ತಣ್ಣಗೆ.

ನಮ್ಮಜ್ಜಿ ಕಾಳಮ್ಮನಿಗೆ ಗಾಳಿಯೊಂದೇ ಹಗೆ.
ಕಿಟಕಿಯ ಸಂದಿಗೆ ಹಳೆ ಸೀರೆಯ ಚಿಂದಿ,
ಬಾಗಿಲಡಿಗೆ ಗೋಣಿತಾಟು,
ನನ್ನ ಕಿವಿಗೆ ಹತ್ತಿ, ತಲೆಗೆ ಮಫ್ಲರು.
"ಬಾಣಂತಿಗೆ ಹೊಕ್ಕ ಗಾಳಿ
ಮುಪ್ಪಿನಾಗೆ ಬಂದು ಲೆಕ್ಕ ಕೇಳ್ತೈತೆ ಕಣೆ."

ಅಪ್ಪ ಮೌನೇಶಪ್ಪ, ಸಂತೆಹೊಂಡದ ದಾರಿಯಲ್ಲಿ
ಸ್ಟೋವ್ ರಿಪೇರಿ. ಮೂವತ್ತು ವರ್ಷ
ಊರಿನ ಒಲೆಗಳ ಗಂಟಲು ನೋಡಿದವನು.
ಅವನ ಬೆವರಿಗೂ ಸೀಮೆಎಣ್ಣೆಯ ವಾಸನೆ.
ಮೊಮ್ಮಗಳನ್ನು ಎತ್ತಿಕೊಳ್ಳುವ ಮುಂಚೆ
ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೆ ತೊಳೆದು,
ಮೂಸಿ ನೋಡಿ, ಮತ್ತೆ ತೊಳೆದು,
ಕೊನೆಗೆ ಎತ್ತಿಕೊಳ್ಳದೇ ಹೋಗುತ್ತಿದ್ದ.

ಏಳನೆಯ ದಿನ ತಂದ
ಹತ್ತು ಬತ್ತಿಯ ಹಳೆ ಸ್ಟೋವ್,
ಮೇಲೆ ಎಣ್ಣೆಡಬ್ಬದ ತಗಡು ಸುತ್ತಿದ ಗೂಡು,
ತಗಡಿನ ತುಂಬ ಮೊಳೆಯಲ್ಲಿ ಹೊಡೆದ ತೂತು,
ಕೋಣೆ ಕಾಯಿಸೋಕೆ.
ಹಚ್ಚಿದಾಗ ಗೋಡೆಯ ಮೇಲೆಲ್ಲ ಚುಕ್ಕಿಬೆಳಕು.
ಮಗಳು ಈ ಲೋಕದಲ್ಲಿ ಮೊದಲು ಕಂಡದ್ದು ಅದನ್ನೇ
ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ:
ಎಣ್ಣೆ ಹಾಕೋದು ಅಂಗಳದಾಗೆ,
ಒಲೆ ಆರಿ, ಮುಟ್ಟಿದರೆ ಕೈ ಸುಡದಾಗ.
ಪೂರ್ತಿ ತುಂಬಬ್ಯಾಡ, ಎಣ್ಣೆಗೂ ಉಬ್ಬೋಕೆ ಜಾಗ ಬೇಕು.
ಪೆಟ್ರೋಲು ಬೆರೆಸಿ ಮಾರೋರು ಅದಾರೆ, ಮೂಸದೆ ಸುರೀಬ್ಯಾಡ.
ಒಣಗಲಿ ಅಂತ ಮಗೀನ ಬಟ್ಟೆ ಇದರ ಮೇಲೆ ಹಾಕಿದೆಯೋ...
ಅಷ್ಟಕ್ಕೇ ನಿಲ್ಲಿಸಿದ.
ಉರಿ ನೀಲಿ ಇದ್ದರೆ ಉಸಿರಾಡ್ತೈತೆ ಅಂತ ತಿಳಕೋ.
ಹಳದಿಗೆ ತಿರುಗಿ ನಾಲಗೆ ಚಾಚಿತೋ,
ಅದಕ್ಕೂ ನಿನಗೂ ಒಂದೇ ಹಸಿವು.
ಮಲಗೋ ಮುಂಚೆ ಆರಿಸು.
ಆಮೇಲೆ ಕಿಟಕಿಯ ಚಿಂದಿ ಕಿತ್ತು
ನಾಲ್ಕು ಬೆರಳಗಲ ತೆರೆದ.

ಅಜ್ಜಿ ಮುಚ್ಚಿದಳು.
ಅಪ್ಪ ತೆರೆದ.
ಅಜ್ಜಿ ಮುಚ್ಚಿ, ಚಿಲಕ ಹಾಕಿ, ಅದರ ಕೆಳಗೇ ಕೂತಳು.
"ನಿನ್ನ ಹಡೆದಾಗ ಯಾವ ಕಿಟಕಿ ಇತ್ತೋ?
ನೀ ಬದುಕಲಿಲ್ವೇನೋ?"
"ಆಗ ಹಂಚಿನ ಮನೆ ಅವ್ವ, ಸಾವಿರ ಸಂದಿ.
ಇದು ಆರ್‌ಸಿಸಿ."

ಅವಳು ಏಳಲಿಲ್ಲ.
ಅಪ್ಪ ಬಾಗಿಲ ಚೌಕಟ್ಟು ಹಿಡಿದು, ನಮ್ಮಿಬ್ಬರನ್ನೂ ನೋಡದೆ,
ಪೊಲೀಸರು ಅಂಗಡಿಗೆ ತಂದಿದ್ದ ಸ್ಟೋವಿನ ಸುದ್ದಿ ಎತ್ತಿದ.
ಗಾರೆ ಕೆಲಸದ ಮೂವರು, ಕಟ್ಟುವ ಮನೆಯ ಕಾವಲಿಗೆ ಮಲಗಿದ್ದವರು,
ಚಳಿಗೆ ಬಾಗಿಲು ಜಡಿದುಕೊಂಡು.
ಬೆಳಗ್ಗೆ ಒಬ್ಬನೂ ಏಳಲಿಲ್ಲ. ಸುಟ್ಟ ಗುರುತಿಲ್ಲ.
ಒಲೆ ಕೆಟ್ಟಿತ್ತಾ ನೋಡು ಅಂದರಂತೆ.
"ಬಿಚ್ಚಿದೆ. ಬತ್ತಿ ಸರಿ ಇತ್ತು.
ಎಣ್ಣೆ ಅರ್ಧಕ್ಕಿಂತ ಮೇಲಿತ್ತು.
ಆದರೂ ತಾನಾಗೇ ಆರಿತ್ತು ಅವ್ವ, ಅದೂ.
ಹೊಟ್ಟೆ ಮೇಲೆ ನನ್ನದೇ ಬೆಸುಗೆ."

"ಏನು ಬರೆಸಿದೆ?"
"ಒಲೆ ಸರಿ ಐತೆ ಅಂತ."

ಸ್ಟೋವ್ ಸಣ್ಣಗೆ ಸುಯ್ಯೆನ್ನುತ್ತಿತ್ತು.
ಅಜ್ಜಿ ಎದ್ದಳು, ಮಂಡಿ ಹಿಡಿದು.
ಒಳಗಿಂದ ಬಜೆ ತೇಯುವ ಕಲ್ಲು ತಂದಳು,
ಕಿಟಕಿ ತೆಗೆದು ಅಂಚಿಗಿಟ್ಟು ಕೇಳಿದಳು:
"ನಾಲ್ಕು ಬೆರಳು ಅಂದ್ಯಲ್ಲ, ಯಾರವು? ನಿನ್ನವೋ, ನನ್ನವೋ?"
ಕಡ್ಡಿಯಂಥ ತನ್ನವನ್ನು ಇಟ್ಟು ನೋಡಿದಳು.
ಅಪ್ಪನ ಕೈ ಎಳೆದು, ಮಸಿ ಕೂತ ಆ ದಪ್ಪ ಬೆರಳುಗಳನ್ನು ಇಟ್ಟು ನೋಡಿ
ಕಲ್ಲನ್ನು ಇನ್ನಷ್ಟು ಈಚೆ ಸರಿಸಿದಳು.

ಸ್ಟೋವ್ ಆರಿಸಿದ ಮೇಲೂ
ಗೂಡಿನ ತಗಡು ಟಿಕ್ ಟಿಕ್ ಎಂದು ಆರುತ್ತಿತ್ತು.
ಅವಳು ಕಂಬಳಿ ಹೊದ್ದು
ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಳು.
ಗುಡ್ಡದ ಗಾಳಿ ಮೊದಲು ಅವಳಿಗೆ ಬಡಿದು,
ಅಲ್ಲಿ ಒಂದಿಷ್ಟು ಬೆಚ್ಚಗಾಗಿ
ಆಮೇಲೆ ನಮ್ಮ ಹತ್ತಿರ ಬರುತ್ತಿತ್ತು.

ಸಂಕ್ರಾಂತಿಯವರೆಗೂ ಕೆಮ್ಮಿದಳು.
ಕೆಮ್ಮಿದಾಗಲೆಲ್ಲ ಅಪ್ಪನನ್ನು ಬೈದಳು.