ಟಕ್ ಅಂದ ಮೇಲೆ

ತುಂಬಿದ ಕೊಡ ತುಳುಕುವುದಿಲ್ಲ, ಒಪ್ಪಿದೆ.
ನನ್ನ ಟ್ಯಾಕ್ಸಿಗೆ ಆ ಗಾದೆ ಯಾರೂ ಹೇಳಿಲ್ಲ.
ಅರ್ಧ ಟ್ಯಾಂಕಿನಲ್ಲಿ ಕುತೈಸಿಯ ಏರನ್ನೆಲ್ಲ ಹತ್ತಿಳಿಯುವ ಸಾಧು
ಪೂರ್ತಿ ತುಂಬಿಸಿ ಕೀಲಿ ತಿರುಗಿಸಿದರೆ
ಕೆಮ್ಮು. ಮತ್ತೆ ಕೆಮ್ಮು.
ಹಿಂದಿನ ವ್ಯಾನಿನವನ ಹಾರ್ನು.
ಆಕ್ಸಿಲರೇಟರನ್ನು ನೆಲಕ್ಕೆ ತುಳಿದರೆ ಹೊತ್ತುತ್ತದೆ,
ಕಪ್ಪು ಹೊಗೆ ಉಗುಳಿಕೊಂಡು.

ಸಿಗ್ನಲ್ಲಿನಲ್ಲಿ ನಿಂತಾಗ ನಡುಕ,
ಸೀಟಿನ ಕೆಳಗೆ ಯಾರೋ ಹಲ್ಲು ಕಡಿದಂತೆ.
ಹಳದಿ ದೀಪ ಹೊತ್ತಿ ತಿಂಗಳಾಗಿತ್ತು;
ಅದರ ಮೇಲೆ ಸಂತ ನಿನೋಳ ಚಿತ್ರ ಅಂಟಿಸಿದ್ದೆ.
ಪೆಟ್ರೋಲ್ ವಾಸನೆಯೆಂದು ಒಬ್ಬಳು ಅರ್ಧ ದಾರಿಯಲ್ಲಿಳಿದು
ಅರ್ಧವೇ ಬಾಡಿಗೆ ಕೊಟ್ಟಳು.
ಪ್ಲಗ್ಗು ಬದಲಿಸು ಎಂದ ತಮ್ಮ. ಬದಲಿಸಿದೆ.

ಜುಂಬೆರನ ಶೆಡ್ಡು ರಿಯೋನಿ ಹೊಳೆಯ ಆಚೆ.
ಮೂರು ವರ್ಷದ ಹಿಂದಿನ ಜ್ವರ
ಅವನ ಮೂಗಿನಿಂದ ಎಲ್ಲವನ್ನೂ ಒಯ್ದಿದೆ.
ಸೀಮೆಎಣ್ಣೆಯೂ ಒಂದೇ, ವೈನೂ ಒಂದೇ.
"ವಾಸನೆ ಎಲ್ಲಿಂದ? ನೀನೇ ಹೇಳು, ತ್ಸಿಯಾಲಾ."
ಐವತ್ತೆಂಟರ ಹೆಂಗಸು ನಾನು,
ಬೇಟೆನಾಯಿಯ ಹಾಗೆ ಕಾರು ಸುತ್ತಿದೆ.
ಹಿಂದಿನ ಚಕ್ರದ ಬಳಿ ಜಾಸ್ತಿ.

ಅಲ್ಲಿ ಇದ್ದಿಲಿನ ಡಬ್ಬಿಯಿದೆಯಂತೆ,
ಟ್ಯಾಂಕಿನ ಆವಿಯನ್ನು ಹೀರಿಟ್ಟುಕೊಳ್ಳಲು.
ಅಲ್ಲಿಂದ ಇಂಜಿನ್ನಿಗೆ ಒಂದು ಕೊಳವೆ,
ಕೊಳವೆಗೊಂದು ಬಾಗಿಲು.
ಕರೆದಾಗ ತೆರೆಯಬೇಕು, ಉಳಿದಂತೆ ಮುಚ್ಚಿರಬೇಕು,
ಅಷ್ಟೇ ಅದರ ನೌಕರಿ.

ಇಂಜಿನ್ ತಣ್ಣಗೆ ಓಡುತ್ತಿರುವಾಗ ಕೊಳವೆ ಕಿತ್ತು
ಬೆರಳಿಟ್ಟ. "ನೀನೂ ಇಡು."
ಒಳಗಿಂದ ಏನೋ ಬೆರಳ ತುದಿಯನ್ನು ಚೀಪಿತು,
ಹಸಿದ ಕರುವಿನ ಹಾಗೆ, ಬಿಡದೆ.
"ಈಗ ಚೀಪಬಾರದು" ಎಂದ.

ಕವಾಟ ಬಿಚ್ಚಿ, ಒರೆಸದೆ, ಬಾಯಿಗಿಟ್ಟು ಊದಿದ.
ಉಸಿರು ಆಚೆ ಬಂತು. ಬರಕೂಡದು.
ಹೆಬ್ಬೆರಳಷ್ಟು ಪ್ಲಾಸ್ಟಿಕ್ಕು;
ಬಾಗಿಲ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಇದ್ದಿಲ ಚೂರು.
"ಬಂಕಿನ ಪೈಪು ಟಕ್ ಅಂದ ಮೇಲೂ ಹಾಕಿಸ್ತೀಯಾ?"
"ಹಾಕಿಸ್ತೀನಿ. ಚಿಲ್ಲರೆ ಉಳೀಬಾರದು ಅಂತ."
"ಇದೇ ನೋಡು ನಿನ್ನ ಚಿಲ್ಲರೆ" ಎಂದು
ಚೂರನ್ನು ನನ್ನ ಅಂಗೈಗೆ ಉದುರಿಸಿದ.
ಮಜೂರಿಯಲ್ಲಿ ಒಂದು ಕಾಸೂ ಬಿಡಲಿಲ್ಲ.

ಹೊಸದು ಹಾಕಿ ಇಬ್ಬರೂ ಬಂಕಿಗೆ ಹೋದೆವು.
ಟಕ್. ಸಾಕೆಂದೆ.
ಒಂದೇ ತಿರುವಿಗೆ ಇಂಜಿನ್ ಎದ್ದಿತು, ಕೆಮ್ಮದೆ.
"ವಾಸನೆ?" ಎಂದ ಪಕ್ಕದ ಸೀಟಿನಿಂದ.
ನಿಧಾನವಾಗಿ ಎಳೆದುಕೊಂಡೆ.
"ಪೆಟ್ರೋಲಿಲ್ಲ. ಎಲ್ಲೋ ರೊಟ್ಟಿ ಬೇಯಿಸುತ್ತಿದ್ದಾರೆ.
ಒಂದರ ತಳ ಸೀದಿದೆ."

ಜುಂಬೆರ್ ಕಿಟಕಿ ಇಳಿಸಿದ.
ಸೇತುವೆ ದಾಟುವವರೆಗೂ
ಇಳಿಸಿಯೇ ಇಟ್ಟಿದ್ದ.